ಗೋಡೆಗೆ ಗಿಂಕ್ಗೊ ಎಲೆ: ಕರಾವಳಿಯ ಮನೆಗೆ ಒಗ್ಗುವ ಅಲಂಕಾರ

ನಮ್ಮ ಹಾಲ್‌ನ ಗೋಡೆ ನೋಡಿ ಪಕ್ಕದ ಮನೆಯ ಅಜ್ಜಿ ಮೊದಲು ಕೇಳಿದ್ದು, "ಎಂಥದು ಮಗಾ ಇದು, ಬೀಸಣಿಗೆಯಾ?" ಅಂತ. ಅಲ್ಲ ಅಜ್ಜಿ, ಎಲೆ ಎಂದೆ. ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಎಲೆ ಆದ್ರೆ ನಡುವಿನ ನರ ಎಲ್ಲಿ ಉಂಟು?"

ಅಜ್ಜಿ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದರು. ಗಿಂಕ್ಗೊ ಎಲೆಗೆ ನಡುವಿನ ನರವೇ ಇಲ್ಲ. ಮಾವು, ಹಲಸು, ಅಶ್ವತ್ಥ ಯಾವುದೇ ಎಲೆ ತೆಗೆದರೂ ತೊಟ್ಟಿನಿಂದ ತುದಿಗೆ ಒಂದು ದಪ್ಪ ನರ ಹೋಗುತ್ತದೆ, ಅದರಿಂದ ಚಿಕ್ಕವು ಕವಲೊಡೆದು ಬಲೆಯಂತೆ ಹರಡುತ್ತವೆ. ಗಿಂಕ್ಗೊದಲ್ಲಿ ಹಾಗಲ್ಲ. ತೊಟ್ಟಿನಿಂದ ಹೊರಟ ಒಂದೊಂದು ಎಳೆಯೂ ಸ್ವಲ್ಪ ದೂರ ಹೋಗಿ ಎರಡಾಗುತ್ತದೆ, ಆ ಎರಡು ಮತ್ತೆ ಎರಡೆರಡಾಗುತ್ತವೆ. ಹೀಗೆ ಅಂಚಿನವರೆಗೆ. ಇದೊಂದು ಗೊತ್ತಿದ್ದರೆ ನೀವು ಬಿಡಿಸಿದ್ದು ಗಿಂಕ್ಗೊ ಆಗುತ್ತದೆ, ಇಲ್ಲದಿದ್ದರೆ ಬರೀ ಬೀಸಣಿಗೆ.

ನಮ್ಮಲ್ಲಿ ಹೆಚ್ಚಿನವರಿಗೆ ಗಿಂಕ್ಗೊ ಎಂದರೆ ಮೆಡಿಕಲ್‌ನಲ್ಲಿ ಸಿಗುವ ನೆನಪಿನ ಮಾತ್ರೆ, ಅಷ್ಟೆ. ಮರ ಚೀನಾ ಮೂಲದ್ದು. ಜಪಾನ್, ಕೊರಿಯಾದ ದೇವಾಲಯಗಳ ಅಂಗಳದಲ್ಲಿ ನೂರಾರು ವರ್ಷ ದಾಟಿದ ಮರಗಳಿವೆ. ಟೋಕಿಯೊ ಅದನ್ನು ತನ್ನ ಊರಿನ ಮರ ಅಂತಲೇ ಆರಿಸಿಕೊಂಡಿದೆ. ಇದರ ನೆಂಟರಿಷ್ಟರೆಲ್ಲ ಯಾವತ್ತೋ ಅಳಿದುಹೋಗಿ ಇದೊಂದೇ ಜಾತಿ ಉಳಿದಿದೆ. ಸುಮಾರು 17 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಇದೇ ತರಹದ ಎಲೆ ಕಾಣಿಸುತ್ತದೆ. ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲ ಅದು. 1945ರಲ್ಲಿ ಹಿರೋಷಿಮಾ ಸುಟ್ಟುಹೋದಾಗ, ಬಾಂಬ್ ಬಿದ್ದ ಜಾಗಕ್ಕೆ ಒಂದೆರಡು ಕಿಲೋಮೀಟರ್ ದೂರದಲ್ಲಿದ್ದ ಕೆಲವು ಗಿಂಕ್ಗೊಗಳು ಮರುವರ್ಷ ಮತ್ತೆ ಚಿಗುರಿದವು. ಗಟ್ಟಿ ಜೀವ.

ಆದರೆ ಆ ಗಟ್ಟಿ ಜೀವ ನಮ್ಮ ಮಂಗಳೂರಿನಲ್ಲಿ ಬದುಕುವುದಿಲ್ಲ. ಅದಕ್ಕೆ ಚಳಿಗಾಲ ಬೇಕು, ಎಲೆ ಉದುರಿಸಿ ಕೆಲವು ತಿಂಗಳು ನಿದ್ದೆ ಮಾಡಬೇಕು. ಇಲ್ಲಿ ಜನವರಿ ರಾತ್ರಿಯಲ್ಲೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನಿದ್ದೆ ಎಲ್ಲಿಂದ ಬರಬೇಕು? ಗೊತ್ತಿದ್ದೂ ನಾನು ಆನ್‌ಲೈನ್‌ನಲ್ಲಿ ಒಂದು ಸಸಿ ತರಿಸಿದ್ದೆ. ಮಾರುವವರು "ಎಲ್ಲ ಹವಾಮಾನಕ್ಕೂ ಸೂಕ್ತ" ಎಂದು ಬರೆದಿದ್ದರು. ಬಂದಾಗ ನಾಲ್ಕು ಎಲೆ ಇತ್ತು, ಏಪ್ರಿಲ್‌ಗೆ ಎರಡು, ಜೂನ್‌ನಲ್ಲಿ ಬೇರು ಕೊಳೆತಿತ್ತು. ಆ ದುಡ್ಡಿನಲ್ಲಿ ಒಂದು ಲೀಟರ್ ಒಳ್ಳೆ ಪೈಂಟ್ ಬರುತ್ತಿತ್ತು. ಹಾಗಾಗಿ ಗಿಡದ ಆಸೆ ಬಿಟ್ಟು ಎಲೆಯ ಆಕಾರವನ್ನು ಮಾತ್ರ ಮನೆಗೆ ತರೋಣ, ಅದೂ ಇಲ್ಲೇ ಸಿಗುವ ಸಾಮಾನಿನಲ್ಲಿ, ಇಲ್ಲಿನ ಮಳೆಗೆ ಹೆದರದ ಹಾಗೆ.

ಮೊದಲು ಎಲೆ ಬಿಡಿಸಲು ಕಲಿಯಿರಿ

ಶಾಲೆಯ ಕೈವಾರ, ಪೆನ್ಸಿಲ್, ದಪ್ಪ ಕಾಗದ ಸಾಕು. ಹಳೆ ಕ್ಯಾಲೆಂಡರ್‌ನ ಹಿಂಬದಿ ಇದಕ್ಕೆ ಹೇಳಿ ಮಾಡಿಸಿದ್ದು.

ಕಾಗದದ ಕೆಳಭಾಗದಲ್ಲಿ ಒಂದು ಚುಕ್ಕಿ ಇಡಿ. ಇದು ತೊಟ್ಟು ಸೇರುವ ಜಾಗ. ಕೈವಾರವನ್ನು 9 ಸೆಂಟಿಮೀಟರ್‌ಗೆ ತೆರೆದು, ಮುಳ್ಳನ್ನು ಚುಕ್ಕಿಯಲ್ಲಿಟ್ಟು ಮೇಲ್ಗಡೆ ದೊಡ್ಡ ಕಮಾನು ಎಳೆಯಿರಿ. ಕಮಾನಿನ ನೆತ್ತಿಯಲ್ಲಿ ಒಂದು ಗುರುತು ಹಾಕಿ. ಈಗ ಕೈವಾರದ ಅಳತೆ ಬದಲಿಸದೆ, ಮುಳ್ಳನ್ನು ಆ ನೆತ್ತಿಯಲ್ಲಿಟ್ಟು ಎಡಕ್ಕೊಂದು ಬಲಕ್ಕೊಂದು ಗುರುತು ಮಾಡಿ. ಎಂಟನೇ ಕ್ಲಾಸಿನಲ್ಲಿ 60 ಡಿಗ್ರಿ ಕೋನ ಹೀಗೇ ಮಾಡಿದ್ದು, ನೆನಪಿದೆಯಲ್ವಾ? ಎರಡು ಸೇರಿ 120 ಡಿಗ್ರಿ. ನಿಮ್ಮ ಎಲೆಯ ಅಗಲ ಅಷ್ಟು.

ಎರಡು ಬದಿಯ ಗುರುತುಗಳಿಂದ ಚುಕ್ಕಿಗೆ ಗೆರೆ ಎಳೆಯಬೇಕು, ಆದರೆ ಸ್ಕೇಲ್ ಮುಟ್ಟಬೇಡಿ. ಗೆರೆ ಸ್ವಲ್ಪ ಒಳಕ್ಕೆ ಬಾಗಿ ಬರಲಿ. ನೆಟ್ಟಗೆ ಎಳೆದರೆ ಪಿಜ್ಜಾ ತುಂಡು ಕಂಡ ಹಾಗೆ ಕಾಣುತ್ತದೆ. ನೆತ್ತಿಯಿಂದ ಕೆಳಕ್ಕೆ 3 ಸೆಂಟಿಮೀಟರ್ ಆಳದ ಕಿರಿದಾದ ಸೀಳು ಕೊಡಿ. ಮೇಲಿನ ಅಂಚನ್ನು ಅಲ್ಲಲ್ಲಿ ಅಲೆಯಂತೆ ಏರಿಳಿಸಿ, ಎರಡೂ ಬದಿ ಒಂದೇ ತರ ಬೇಡ. ಕೊನೆಗೆ ಚುಕ್ಕಿಯಿಂದ ಕೆಳಕ್ಕೆ 6-7 ಸೆಂಟಿಮೀಟರ್ ಉದ್ದದ ತೊಟ್ಟು, ಸ್ವಲ್ಪ ವಾಲಿದ್ದು. ತೊಟ್ಟು ಗಿಡ್ಡವಾದರೆ ಎಲೆಯ ಚಂದವೇ ಹೋಯಿತು.

ಲಿನ್ನೇಯಸ್ 1771ರಲ್ಲಿ ಈ ಮರಕ್ಕೆ ಹೆಸರಿಡುವಾಗ "ಬಿಲೋಬಾ" ಎಂದು ಸೇರಿಸಿದ್ದು ಈ ಸೀಳನ್ನು ನೋಡಿಯೇ. ಎರಡು ಹಾಲೆಯದ್ದು, ಅಂದರೆ ಸೀಳಿ ಎರಡು ಭಾಗವಾದದ್ದು ಎಂದು ಅರ್ಥ. ಆದರೆ ಒಂದೇ ಮರದಲ್ಲಿ ಆಳ ಸೀಳಿನ ಎಲೆಯೂ ಇರುತ್ತದೆ, ಸೀಳೇ ಇಲ್ಲದ್ದೂ ಇರುತ್ತದೆ. ಹಾಗಾಗಿ ಮೂರು ಅಚ್ಚು ಮಾಡಿಕೊಳ್ಳಿ: ಆಳ ಸೀಳಿನದ್ದು ಒಂದು, ಬರೀ ಸಣ್ಣ ಕಚ್ಚು ಇರುವುದು ಒಂದು, ಇಡಿಯಾದದ್ದು ಒಂದು. ಅಳತೆಯನ್ನೂ ಬದಲಿಸಿ, 14, 9, 6 ಸೆಂಟಿಮೀಟರ್ ಹೀಗೆ. ಗೋಡೆಯ ಮೇಲೆ ಒಂದೇ ಎಲೆ ಇಪ್ಪತ್ತು ಸಲ ಕಂಡರೆ ಮನೆ ಬ್ಯಾಂಕಿನ ಕೌಂಟರ್ ಆಗುತ್ತದೆ.

ಜೀವಂತ ಎಲೆ ನೋಡಿ ಬಿಡಿಸಬೇಕು ಅನ್ನಿಸಿದರೆ ಮಳೆಗಾಲದಲ್ಲಿ ಹಳೆಯ ಕೆಂಪುಕಲ್ಲಿನ ಕಂಪೌಂಡ್ ಅಥವಾ ಬಾವಿಕಟ್ಟೆಯ ಒಳಬದಿ ನೋಡಿ. ಕಪ್ಪು ಕಡ್ಡಿಯ, ಪುಟ್ಟ ಬೀಸಣಿಗೆ ಎಲೆಯ ಜರಿಗಿಡ ತಾನಾಗಿ ಬೆಳೆದಿರುತ್ತದೆ. ನರ್ಸರಿಯವರು ಮೇಡನ್‌ಹೇರ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಗಿಂಕ್ಗೊಗೆ ಮೇಡನ್‌ಹೇರ್ ಮರ ಎಂಬ ಹೆಸರು ಬಂದದ್ದೇ ಈ ಜರಿಗಿಡದ ಎಲೆಯ ಹೋಲಿಕೆಯಿಂದ. ಕವಲೊಡೆಯುವ ನರವೂ ಅದೇ ತರ. ಚಿಕ್ಕ ಕುಂಡದಲ್ಲಿ ನೆಟ್ಟು ಬಚ್ಚಲು ಕಿಟಕಿಯ ನೆರಳಿನಲ್ಲಿಟ್ಟರೆ ಚೆನ್ನಾಗಿ ಬರುತ್ತದೆ. ಬಿಸಿಲು ಬಿದ್ದರೆ, ಮಣ್ಣು ಒಣಗಿದರೆ ಎರಡೇ ದಿನದಲ್ಲಿ ಕಂದು. ಬುಡಕ್ಕೆ ಕತ್ತರಿಸಿ ನೀರು ಕೊಡುತ್ತಾ ಬನ್ನಿ, ಹೆಚ್ಚಾಗಿ ಮತ್ತೆ ಚಿಗುರುತ್ತದೆ.

ಗೋಡೆ: ಆತುರ ಮಾಡಿದರೆ ಕೆಟ್ಟಿತು

ನಾನು ಮೊದಲು ಮಾಡಿದ ತಪ್ಪು ವಾಲ್‌ಪೇಪರ್. ಬಂಗಾರದ ಗಿಂಕ್ಗೊ ಎಲೆಗಳಿದ್ದ ಚಂದದ ರೋಲ್. ಏಪ್ರಿಲ್‌ನಲ್ಲಿ ಅಂಟಿಸಿದ್ದು, ಜುಲೈಯಲ್ಲಿ ಮೂಲೆಗಳು ಕಿವಿಯಂತೆ ಮಡಚಿಕೊಂಡವು. ಆಗಸ್ಟ್‌ನಲ್ಲಿ ಎಳೆದು ನೋಡಿದರೆ ಹಿಂದೆ ಕಪ್ಪು ಬೂಷ್ಟು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ನಮ್ಮದು. ಇಲ್ಲಿನ ಗೋಡೆಗೆ ಉಸಿರಾಡಲು ಬಿಡಬೇಕು. ಹೊರಗೋಡೆಯ ಒಳಬದಿಗಂತೂ ವಾಲ್‌ಪೇಪರ್ ಬೇಡವೇ ಬೇಡ.

ಎರಡನೇ ಸಲ ಸೆಪ್ಟೆಂಬರ್‌ನಲ್ಲೇ ಬ್ರಷ್ ಹಿಡಿದೆ. ಮನೆಗೆ ಬಣ್ಣ ಹೊಡೆಯಲು ಬರುವ ಪೈಂಟರ್ ಗೋಡೆಗೆ ಅಂಗೈ ಒತ್ತಿ ನೋಡಿ ಹೇಳಿದರು: "ಈಗ ಬೇಡ ಅಕ್ಕ, ಗೋಡೆ ಬೆವರ್ತಾ ಉಂಟು. ದೀಪಾವಳಿ ಕಳೀಲಿ, ಮತ್ತೆ ನೋಡುವ." ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ನಮ್ಮ ಕಡೆ ಗೋಡೆ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ.

ಗೋಡೆ ಒಣಗಿದೆಯಾ ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿ ನುಗ್ಗದಂತೆ ಟೇಪ್ ಹಾಕಿ. ಒಂದು ದಿನ ಬಿಟ್ಟು ನೋಡಿ. ಪ್ಲಾಸ್ಟಿಕ್‌ನ ಒಳಬದಿಯಲ್ಲಿ ನೀರಿನ ಹನಿ ಕೂತಿದ್ದರೆ ಗೋಡೆಯೊಳಗೆ ಪಸೆ ಇದೆ. ಹೊರಬದಿಯಲ್ಲಿದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಿದರೆ ಸರಿಹೋಗುತ್ತದೆ. ಯಾವ ಗೋಡೆ ಆರಿಸಬೇಕು ಎನ್ನುವುದಕ್ಕೂ ಒಂದು ಲೆಕ್ಕ ಇದೆ. ನಮ್ಮಲ್ಲಿ ಮಳೆ ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಎರಡು ದಿಕ್ಕಿನ ಹೊರಗೋಡೆ ಬಿಟ್ಟುಬಿಡಿ. ಎರಡು ಕೋಣೆಗಳ ನಡುವಿನ ಗೋಡೆ ಸಿಕ್ಕರೆ ಅದೇ ಬೆಸ್ಟ್.

ಅಚ್ಚಿಗೆ ಹಳೆಯ ಎಕ್ಸ್-ರೇ ಫಿಲ್ಮ್ ಬಳಸಿ. ಎಲ್ಲರ ಮನೆಯ ಕಪಾಟಿನಲ್ಲೂ ಯಾರದ್ದಾದರೂ ಮೊಣಕಾಲಿನ ಎಕ್ಸ್-ರೇ ಇದ್ದೇ ಇರುತ್ತದೆ. ನೀರಿಗೆ ಮೆತ್ತಗಾಗುವುದಿಲ್ಲ, ಗೋಡೆಗೆ ಚೆನ್ನಾಗಿ ಕೂರುತ್ತದೆ. ಕಾಗದದ ಎಲೆಯನ್ನು ಅದರ ಮೇಲಿಟ್ಟು ಮಾರ್ಕರ್‌ನಲ್ಲಿ ಗೆರೆ ಹಾಕಿ, ಹೊಸ ಬ್ಲೇಡಿನಿಂದ ಕತ್ತರಿಸಿ. ನಮಗೆ ಬೇಕಾದದ್ದು ಎಲೆ ಆಕಾರದ ತೂತಿರುವ ಹಾಳೆ. ಸುತ್ತ ಕನಿಷ್ಠ ನಾಲ್ಕು ಬೆರಳು ಅಂಚು ಇರಲಿ, ಇಲ್ಲದಿದ್ದರೆ ಬಣ್ಣ ಹೊರಗೆ ತಾಗುತ್ತದೆ.

ಬಣ್ಣ ಹಚ್ಚುವ ಮೊದಲು ನ್ಯೂಸ್‌ಪೇಪರ್‌ನಲ್ಲಿ ಎಲೆಗಳನ್ನು ಕತ್ತರಿಸಿ ಗೋಡೆಗೆ ಟೇಪ್‌ನಿಂದ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿ, ರಾತ್ರಿ ಲೈಟ್ ಹಾಕಿ ನೋಡಿ. ಒಂದೆರಡು ಕಿತ್ತು ಬೇರೆ ಕಡೆ ಹಾಕಬೇಕು ಅನ್ನಿಸುತ್ತದೆ, ಖಂಡಿತ. ಹತ್ತು ಅಡಿ ಗೋಡೆಗೆ 11ರಿಂದ 15 ಎಲೆ ಸಾಕು. ಮೇಲಿನ ಒಂದು ಮೂಲೆಯಲ್ಲಿ ಒತ್ತಾಗಿ ಶುರುಮಾಡಿ, ಕೆಳಗೆ ಬರುತ್ತಾ ಬಿಡಿಬಿಡಿಯಾಗಲಿ. ಗಿಂಕ್ಗೊ ಮರದಲ್ಲಿ ಎಲೆ ಹಳದಿಯಾಗಿ, ಚಳಿ ಬಿದ್ದ ಮೇಲೆ ಕೆಲವೊಮ್ಮೆ ಒಂದೆರಡು ದಿನದಲ್ಲೇ ಇಡೀ ಮರ ಖಾಲಿಯಾಗುತ್ತದಂತೆ. ಆ ಉದುರುವಿಕೆ ಗೋಡೆಯಲ್ಲಿ ಕಾಣಬೇಕು ಎಂದರೆ ತೊಟ್ಟುಗಳೆಲ್ಲ ಕೆಳಮುಖ ಇರಬಾರದು. ಒಂದು ಅಡ್ಡ, ಒಂದು ಓರೆ, ಒಂದು ತಲೆಕೆಳಗೆ. ಅರ್ಧ ಗೋಡೆ ಖಾಲಿ ಉಳಿದರೆ ಹೆದರಬೇಡಿ. ಆ ಖಾಲಿ ಜಾಗಕ್ಕೆ ಕ್ಯಾಲೆಂಡರ್ ತೂಗುಹಾಕುವವರಿಂದ ಮಾತ್ರ ಕಾಪಾಡಿಕೊಳ್ಳಿ.

ಬಣ್ಣದ ಅಂಗಡಿಗೆ ಹೋಗಿ "ಗೋಲ್ಡನ್ ಯೆಲ್ಲೋ" ಎಂದರೆ ಆಟೋರಿಕ್ಷಾದ ಹಳದಿ ಕೊಡುತ್ತಾರೆ. ನಮಗೆ ಬೇಕಾದದ್ದು ಹಣ್ಣಾದ ಕದಳಿ ಬಾಳೆಯ ಸಿಪ್ಪೆಯ ಬಣ್ಣ. ಒಂದು ಸಿಪ್ಪೆ ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ನಾನು ಹಾಗೇ ಮಾಡಿದ್ದು. ಮಿಷನ್‌ನಲ್ಲಿ ಮಿಕ್ಸ್ ಮಾಡಿಕೊಡುತ್ತಾರೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಷನ್ ಕೇಳಿ, ಅವರಲ್ಲಿರುವ ಅತಿ ಚಿಕ್ಕ ಡಬ್ಬಿ ಸಾಕಾಗಿ ಮಿಗುತ್ತದೆ. ಜೊತೆಗೆ ಒಂದು ಸಣ್ಣ ಟ್ಯೂಬ್ ಕಂದು. ಕೆಲವು ಎಲೆಗೆ ಒಂದು ಹನಿ ಕಂದು ಬೆರೆಸಿದರೆ ಒಣಗಲು ಶುರುವಾದ ಎಲೆಯ ಹಾಗೆ ಕಾಣುತ್ತದೆ.

ಹಚ್ಚುವ ಕೆಲಸ ಸುಲಭ, ಆದರೆ ಕೈ ಹಗುರ ಇರಬೇಕು. ಅಚ್ಚನ್ನು ಮಾಸ್ಕಿಂಗ್ ಟೇಪ್‌ನಿಂದ ನಿಲ್ಲಿಸಿ. ಪಾತ್ರೆ ತೊಳೆಯುವ ಸ್ಪಂಜಿನ ತುಂಡನ್ನು ಬಣ್ಣಕ್ಕೆ ಮುಟ್ಟಿಸಿ, ಪೇಪರ್ ಮೇಲೆ ಐದಾರು ಸಲ ಒತ್ತಿ ಒತ್ತಿ ಬಹುಪಾಲು ಬಣ್ಣ ತೆಗೆದುಬಿಡಿ. ಉಳಿದ ಒಣ ಬಣ್ಣವನ್ನು ಗೋಡೆಗೆ ನೇರವಾಗಿ ತಟ್ಟಿ. ಒರೆಸಬೇಡಿ. ಒರೆಸಿದರೆ ಬಣ್ಣ ಅಚ್ಚಿನ ಕೆಳಗೆ ನುಗ್ಗಿ ಅಂಚು ಕಲಸಿಹೋಗುತ್ತದೆ. ಅಂಚಿನ ಕಡೆ ಗಾಢ, ತೊಟ್ಟಿನ ಕಡೆ ತೆಳು. ಪ್ರತಿ ಎಲೆ ಆದ ಮೇಲೆ ಅಚ್ಚಿನ ಹಿಂಬದಿ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು. ಬಣ್ಣ ಒಣಗಿದ ಮೇಲೆ ಸಣ್ಣ ಬ್ರಷ್‌ನಿಂದ ಒಂದು ಶೇಡ್ ಗಾಢವಾದ ಬಣ್ಣದಲ್ಲಿ ನರಗಳು: ತೊಟ್ಟಿನಿಂದ ಆರೇಳು ಎಳೆ, ಪ್ರತಿಯೊಂದೂ ಅರ್ಧ ದಾರಿಯಲ್ಲಿ ಎರಡಾಗಲಿ. ಎಲ್ಲ ಎಲೆಗೂ ಬೇಡ, ದೊಡ್ಡ ನಾಲ್ಕೈದಕ್ಕೆ ಸಾಕು.

ನಿಮ್ಮದು ರೆಡ್ ಆಕ್ಸೈಡ್ ನೆಲದ ಹಳೆಯ ಮನೆಯಾಗಿದ್ದರೆ ಹಳದಿ ಬಿಟ್ಟು ಕಾವಿ ಬಣ್ಣ ಯೋಚಿಸಿ. ನಮ್ಮ ಕರಾವಳಿಯ ಹಳೆಯ ದೇವಸ್ಥಾನ, ಮನೆಗಳ ಕಾವಿ ಚಿತ್ರ ನೋಡಿರುತ್ತೀರಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಕೆರೆದು ಅಡಿಯ ಬಿಳಿ ಕಾಣಿಸುವ ಕಲೆ. ನಿಜವಾದ ಕಾವಿ ಕೆಲಸ ನಾವು ಮನೆಯಲ್ಲಿ ಮಾಡುವಂಥದ್ದಲ್ಲ. ಆದರೆ ಬಿಳಿ ಗೋಡೆಗೆ ಕಾವಿ ಕೆಂಪಿನ ಎಲೆ, ಅದರೊಳಗೆ ನರಗಳನ್ನು ಬಿಳಿಯಾಗಿಯೇ ಬಿಟ್ಟರೆ ನೋಟ ಅದಕ್ಕೇ ಹತ್ತಿರ ಬರುತ್ತದೆ. ಬಣ್ಣ ಹಸಿ ಇರುವಾಗ ಐಸ್‌ಕ್ರೀಂ ಕಡ್ಡಿಯ ಚೂಪು ತುದಿಯಿಂದ ಗೀರಿದರೆ ಆಯಿತು. ಗಿಂಕ್ಗೊ ಹೊರದೇಶದ್ದು ಅನ್ನಿಸುವುದೇ ಇಲ್ಲ ಆಮೇಲೆ.

ಅಡಿಕೆ ಹಾಳೆಯ ಎಲೆ

ಬಾಡಿಗೆ ಮನೆಯಲ್ಲಿ ಗೋಡೆ ಮುಟ್ಟುವ ಹಾಗಿಲ್ಲ ಎನ್ನುವವರಿಗೆ ಇದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ತೋಟದಲ್ಲಿ ಬಿದ್ದ ಹಾಳೆ, ಕಪ್ಪು ಚುಕ್ಕೆ ಇಲ್ಲದ್ದು, ನಾಲ್ಕೈದು ತನ್ನಿ. ತೋಟವಿಲ್ಲದವರು ಊರಿನಿಂದ ಬರುವ ನೆಂಟರಿಗೆ ಹೇಳಿ, ಇಲ್ಲವೇ ಹಾಳೆ ತಟ್ಟೆ ಮಾಡುವ ಕಡೆ ಕೇಳಿ. ಮುಟ್ಟಾಳೆ (ಹಾಳೆಯ ಟೋಪಿ) ಕಟ್ಟುವವರು ಮಾಡುವ ಹಾಗೆ ಮೊದಲು ನೀರಿನಲ್ಲಿ ನೆನೆಸಿ. ಅರ್ಧ ಗಂಟೆಯಿಂದ ಒಂದು ಗಂಟೆ. ಒಣ ಹಾಳೆ ಬಾಗಿಸಿದರೆ ಸೀಳುತ್ತದೆ, ನೆನೆದದ್ದು ಚರ್ಮದ ಹಾಗೆ ಬಗ್ಗುತ್ತದೆ. ಒರೆಸಿ, ಹಳೆಯ ಕಾಟನ್ ಬಟ್ಟೆಯ ನಡುವೆ ಇಟ್ಟು ಮೇಲೊಂದು ಹಲಗೆ, ಅದರ ಮೇಲೆ ಕಡೆಯುವ ಕಲ್ಲಿನ ಗುಂಡು ಅಥವಾ ಅಕ್ಕಿ ಚೀಲ. ಒಂದು ರಾತ್ರಿ ಕಳೆದರೆ ಚಪ್ಪಟೆಯಾಗುತ್ತದೆ.

ಹಾಳೆಯಲ್ಲಿ ಉದ್ದಕ್ಕೂ ಸಣ್ಣ ಗೆರೆಗಳಿವೆ. ಎಲ್ಲ ಒಂದಕ್ಕೊಂದು ಸಮಾನಾಂತರ. ಇಡೀ ಎಲೆಯನ್ನು ಒಂದೇ ತುಂಡಿನಲ್ಲಿ ಕತ್ತರಿಸಿದರೆ ಆ ಗೆರೆ ನೆಟ್ಟಗೆ ನಿಂತು ಎಲೆ ಸತ್ತ ಹಾಗೆ ಕಾಣುತ್ತದೆ. ನನ್ನ ಮೊದಲ ಎರಡು ಎಲೆ ಹೀಗೇ ಹಾಳಾದದ್ದು. ಉಪಾಯ ಇಷ್ಟೆ: ಎಡ ಹಾಲೆಯನ್ನು ಬೇರೆ, ಬಲ ಹಾಲೆಯನ್ನು ಬೇರೆ ಕತ್ತರಿಸಿ. ಎರಡರಲ್ಲೂ ಗೆರೆಗಳು ತೊಟ್ಟಿನಿಂದ ಹೊರಕ್ಕೆ ಹೋಗುವ ಹಾಗೆ ಓರೆಯಾಗಿಟ್ಟು ಕತ್ತರಿಸಬೇಕು. ಆಮೇಲೆ ಬುಡದಲ್ಲಿ ಒಂದರ ಮೇಲೊಂದು ಅರ್ಧ ಇಂಚು ಬರುವಂತೆ ಜೋಡಿಸಿ. ಗೆರೆಗಳು ಬೀಸಣಿಗೆಯ ಹಾಗೆ ಹರಡುತ್ತವೆ, ನಡುವಿನ ಸೀಳು ತಾನಾಗಿಯೇ ಬರುತ್ತದೆ. ಹಾಳೆ ಸ್ವಲ್ಪ ಹಸಿ ಇರುವಾಗಲೇ ಕತ್ತರಿ ಹಾಕಿ, ಒಣಗಿದರೆ ಅಂಚು ಎದ್ದುಬರುತ್ತದೆ.

ತೊಟ್ಟಿಗೆ ತೆಂಗಿನ ಗರಿಯ ದಪ್ಪ ಕಡ್ಡಿ. ಬುಡದಲ್ಲಿ ಎರಡು ತೂತು ಮಾಡಿ ತಾಮ್ರದ ತಂತಿಯಿಂದ ಬಿಗಿಯಿರಿ. ಕಬ್ಬಿಣದ ತಂತಿ ಬೇಡ. ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆ ಇರುವವರಿಗೆ ಕಾರಣ ಹೇಳಬೇಕಾಗಿಲ್ಲ. ಸಮುದ್ರದ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಇಳಿದು ಎಲೆಗೆ ಕಲೆ ಕಟ್ಟುತ್ತದೆ.

ಈಗ ಎರಡು ದಿನ ಒಳ್ಳೆಯ ಬಿಸಿಲು. ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಶ್ ಎರಡು ಕೋಟ್. ಎದುರು, ಹಿಂದೆ, ಅಂಚು ಮೂರೂ ಕಡೆ. ಹಿಂಬದಿ ಯಾರು ನೋಡುತ್ತಾರೆ ಎಂದು ಬಿಟ್ಟರೆ ಬೂಷ್ಟು ಅಲ್ಲಿಂದಲೇ ಶುರು. ಅರಿಶಿನದ ನೀರಿನಲ್ಲಿ ಅದ್ದಿದರೆ ಚಂದದ ಹಳದಿ ಬರುತ್ತದೆ ಎಂದು ಆಸೆಯಾಗಬಹುದು. ಬರುತ್ತದೆ, ಆದರೆ ಅರಿಶಿನ ಬೆಳಕಿಗೆ ಬೇಗ ಮಾಸುವ ಬಣ್ಣ. ಕಿಟಕಿ ಹತ್ತಿರ ಇಟ್ಟರೆ ಕೆಲವೇ ವಾರದಲ್ಲಿ ಬಿಳುಚಿಕೊಳ್ಳುತ್ತದೆ. ಹಾಳೆಯ ಸ್ವಂತ ಬಣ್ಣವೇ ಸಾಕು, ಅದೂ ಒಣ ಎಲೆಯ ಬಣ್ಣವೇ ಅಲ್ವಾ.

ಗೋಡೆಗೆ ನೇತುಹಾಕುವಾಗ ಎಲೆಯ ಹಿಂದೆ ಎರಡು ಬಾಟಲಿ ಕಾರ್ಕಿನ ತುಂಡು ಅಂಟಿಸಿ. ಗೋಡೆಗೂ ಎಲೆಗೂ ನಡುವೆ ಬೆರಳು ಹೋಗುವಷ್ಟು ಜಾಗ ಇರಲಿ. ಗಾಳಿ ಆಡುತ್ತದೆ, ಸಂಜೆ ಲೈಟಿಗೆ ನೆರಳೂ ಬೀಳುತ್ತದೆ.

ದೀಪಾವಳಿಗೆ ಗಿಂಕ್ಗೊ ಗೂಡುದೀಪ

ಮಂಗಳೂರಿನವರಿಗೆ ಗೂಡುದೀಪ ಎಂದರೆ ಸುಮ್ನೆ ಅಲ್ಲ. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದ ಅಂಗಳದಲ್ಲಿ ನಡೆಯುವ ಸ್ಪರ್ಧೆಯಲ್ಲಿ ಭತ್ತ, ಬೇಳೆಕಾಳು, ಐಸ್‌ಕ್ರೀಂ ಕಡ್ಡಿ ಏನೇನರಿಂದಲೋ ಮಾಡಿ ತರುತ್ತಾರೆ. ಅದರ ಮಟ್ಟಕ್ಕೆ ನಾನು ಹೋಗುವುದಿಲ್ಲ. ಇದು ಸಿಟೌಟ್‌ಗೆ ತೂಗುಹಾಕುವಂಥ ಸರಳ ಪೆಟ್ಟಿಗೆ ಗೂಡುದೀಪ.

ಬಿದಿರಿನ ಕಡ್ಡಿ 12 ಬೇಕು. ನಿಲ್ಲಿಸಲು ಒಂದಡಿ ಉದ್ದದ್ದು ನಾಲ್ಕು, ಮೇಲೆ ಕೆಳಗಿನ ಚೌಕಕ್ಕೆ ಎಂಟು ಇಂಚಿನದ್ದು ಎಂಟು. ಮೂಲೆಗಳನ್ನು ದಾರದಿಂದ ಅಡ್ಡಡ್ಡ ಸುತ್ತಿ ಕಟ್ಟಿ, ಗಂಟಿನ ಮೇಲೆ ಒಂದು ಹನಿ ಫೆವಿಕಾಲ್. ಮೇಲಿನ ಚೌಕಕ್ಕೆ ಅಡ್ಡಲಾಗಿ ಇನ್ನೊಂದು ಕಡ್ಡಿ ಕಟ್ಟಿದರೆ ಹೋಲ್ಡರ್ ನೇತುಹಾಕಲು ಜಾಗವಾಯಿತು.

ಕಾಗದ ಅಂಟಿಸಲು ಮೈದಾ ಗೋಂದು: ಎರಡು ಚಮಚ ಮೈದಾ, ಒಂದು ಲೋಟ ನೀರು, ಸಣ್ಣ ಉರಿಯಲ್ಲಿ ಗಂಟಿಲ್ಲದಂತೆ ತಿರುಗಿಸಿ. ಹಿಂದೆಲ್ಲ ಇದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು, ಹುಳ ಬರಬಾರದು ಎಂದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದು ವಿಷ. ಮಕ್ಕಳು ಕೈಹಾಕುವ ಕೆಲಸ ಇದು, ಹಾಗಾಗಿ ನಾನು ಹಾಕುವುದಿಲ್ಲ. ಹಬ್ಬದ ನಾಲ್ಕು ದಿನಕ್ಕೆ ಬರೀ ಮೈದಾ ಸಾಕು.

ನಾಲ್ಕು ಬದಿಗೂ ಬಿಳಿ ಬಟರ್ ಪೇಪರ್. ಎಲೆಗಳಿಗೆ ಗಾಳಿಪಟದ ತೆಳು ಹಳದಿ ಕಾಗದ. ಎಲೆಗಳನ್ನು ಬಟರ್ ಪೇಪರ್‌ನ ಒಳಬದಿಗೆ ಅಂಟಿಸಿ, ಚೌಕಟ್ಟಿಗೆ ಹಾಕುವ ಮೊದಲೇ. ಹಗಲು ನೋಡಿದರೆ ಏನೂ ಇಲ್ಲ, ಮಸುಕು ನೆರಳು ಅಷ್ಟೆ. ಸಂಜೆ ಸ್ವಿಚ್ ಹಾಕಿದಾಗ ಎಲೆಗಳು ಒಮ್ಮೆಗೇ ಎದ್ದುಬರುತ್ತವೆ. ಎರಡು ಎಲೆ ಒಂದರ ಮೇಲೊಂದು ಬಂದ ಕಡೆ ಬಣ್ಣ ಗಾಢವಾಗಿ ಮೂರನೇ ಬಣ್ಣ ಸಿಗುತ್ತದೆ. ಅದಕ್ಕೇ ಬೇಕೆಂದೇ ಕೆಲವನ್ನು ಅರ್ಧ ಮುಚ್ಚಿ ಅಂಟಿಸಿ.

ನರಗಳಿಗೆ ಬಣ್ಣ ಬೇಡ, ತೆಂಗಿನೆಣ್ಣೆ ಸಾಕು. ಎಣ್ಣೆ ತಾಗಿದ ಕಾಗದದಲ್ಲಿ ಬೆಳಕು ಜಾಸ್ತಿ ಹಾಯುತ್ತದೆ, ವಡೆ ಕಟ್ಟಿಕೊಂಡು ಬಂದ ಪೇಪರ್ ನೋಡಿದವರಿಗೆ ಗೊತ್ತು. ಹಿಡಿಸೂಡಿಯ ಒಂದು ಹೊಸ ಕಡ್ಡಿ ಮುರಿದು, ತುದಿಯನ್ನು ಎಣ್ಣೆಗೆ ಮುಟ್ಟಿಸಿ, ಬಟ್ಟೆಗೆ ಒರೆಸಿ, ಉಳಿದ ಪಸೆಯಲ್ಲಿ ಗೆರೆ ಎಳೆಯಿರಿ. ಹನಿ ನಿಂತರೆ ಎಣ್ಣೆ ಹರಡಿ ದೊಡ್ಡ ಮಚ್ಚೆಯಾಗುತ್ತದೆ. ಮೊದಲು ಚೂರು ಕಾಗದದಲ್ಲಿ ಕೈ ಪಳಗಿಸಿ. ಕೊನೆಯ ನರ ಎಳೆದು ಕೈ ತೊಳೆದ ಮೇಲೆಯೇ ಗೋಂದಿನ ಕೆಲಸ, ಯಾಕೆಂದರೆ ಎಣ್ಣೆ ತಾಗಿದಲ್ಲಿ ಗೋಂದು ಹಿಡಿಯುವುದಿಲ್ಲ.

ಒಳಗೆ 5 ವ್ಯಾಟ್‌ನ ಎಲ್‌ಇಡಿ ಬಲ್ಬ್ ಸಾಕು, ಬೆಳಕು ಹಳದಿ ಛಾಯೆಯದ್ದಿರಲಿ. ಎಣ್ಣೆದೀಪ, ಮೇಣದಬತ್ತಿ ಖಂಡಿತ ಬೇಡ. ಹಳೆ ಕಾಲದ ಬಿಸಿ ಬಲ್ಬ್ ಕೂಡ ಬೇಡ. ದೀಪಾವಳಿ ಹೊತ್ತಿಗೆ ಸಂಜೆ ಗುಡುಗು ಮಳೆ ಬರುವುದುಂಟು, ಹಾಗಾಗಿ ಮಾಡಿನ ಒಳಗೇ ತೂಗುಹಾಕಿ. ನಮ್ಮದು ಒಂದು ವರ್ಷ ಬಾಲ್ಕನಿಯ ಹೊರಗಿತ್ತು, ನರಕಚತುರ್ದಶಿಯ ರಾತ್ರಿಯೇ ನೆನೆದು ಬಟ್ಟೆ ಹಿಂಡಿದ ಹಾಗಾಯಿತು. ಬಿದಿರಿನ ಚೌಕಟ್ಟು ಮಾತ್ರ ಇವತ್ತಿಗೂ ಗಟ್ಟಿ ಇದೆ.

ಇನ್ನುಳಿದ ಚಿಕ್ಕಪುಟ್ಟವು

ದಿಂಬಿನ ಕವರ್, ಟೇಬಲ್ ಬಟ್ಟೆಗೆ ಗೆಣಸಿನ ಅಚ್ಚು ಮಾಡಿ. ಗೆಣಸನ್ನು ಅರ್ಧ ಮಾಡಿ, ಎಲೆಯ ಆಕಾರ ಉಳಿಸಿ ಸುತ್ತಲಿನದ್ದು ಅರ್ಧ ಸೆಂಟಿಮೀಟರ್ ಕೆತ್ತಿ ತೆಗೆಯಿರಿ. ಆಲೂಗಡ್ಡೆಯೂ ಆಗುತ್ತದೆ, ಆದರೆ ಅದು ಬೇಗ ನೀರು ಬಿಡುತ್ತದೆ. ಕಾಟನ್ ಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆದಿರಬೇಕು. ಫ್ಯಾಬ್ರಿಕ್ ಪೈಂಟ್ ತೆಳುವಾಗಿ ಹಚ್ಚಿ ಒತ್ತಿ. ಒಂದು ದಿನ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿ. ಅಮ್ಮನ ಹಳೆಯ ಉಡುಪಿ ಕೈಮಗ್ಗದ ಸೀರೆಯ ಮೇಲೆ ಪ್ರಯೋಗ ಮಾಡಬೇಡಿ. ಆ ಸೀರೆ ಹಾಗೇ ಚಂದ, ಕಿಟಕಿಗೆ ಪರದೆ ಮಾಡಿದರೂ ಆದೀತು.

ಹಿತ್ತಾಳೆಯ ಗಿಂಕ್ಗೊ ತಟ್ಟೆ, ಹುಕ್ ಈಗ ಅಂಗಡಿಗಳಲ್ಲಿ ಸಿಗುತ್ತವೆ. ತೆಗೆದುಕೊಳ್ಳುವ ಮೊದಲು ಅಯಸ್ಕಾಂತ ಇಟ್ಟು ನೋಡಿ. ಹಿತ್ತಾಳೆಗೆ ಅಂಟಬಾರದು, ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ನಿಜವಾದದ್ದು ಕಪ್ಪಾದರೆ ಹುಣಸೆಹುಳಿ ಇದೆಯಲ್ಲ. ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯಲ್ಲಿ ಲೇಸರ್ ಕಟ್ ಮಾಡಿದ ಎಲೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ನೋಡಲೂ ಅಚ್ಚುಕಟ್ಟು. ಎಸಿ ಕೋಣೆಗಾದರೆ ಆದೀತು. ಉಳಿದ ಕಡೆ ತೇವ ಕುಡಿದು ಅಂಚು ರಸ್ಕಿನ ಹಾಗೆ ಊದಿಕೊಳ್ಳುತ್ತದೆ.

ಯಾರಾದರೂ ಹೊರದೇಶದಿಂದ ಒಂದು ನಿಜವಾದ ಒಣ ಎಲೆ ಕೊಟ್ಟರೆ ಎರಡು ಗಾಜಿನ ನಡುವೆ ಇಟ್ಟು, ಅಂಚಿಗೆ ಸುತ್ತ ಅಲ್ಯೂಮಿನಿಯಂ ಟೇಪ್ ಹಾಕಿ ಮುಚ್ಚಿಬಿಡಿ. ಈ ಕೆಲಸ ಬಿಸಿಲು ಕಾದ ಮಧ್ಯಾಹ್ನ ಮಾಡಿ, ಮಳೆಯ ದಿನ ಮುಚ್ಚಿದರೆ ತೇವವೂ ಒಳಗೇ ಸಿಕ್ಕಿಬೀಳುತ್ತದೆ.

ಮೇ ಕೊನೆಯ ವಾರ, ಮೊದಲ ಮಳೆ ಬೀಳುವ ಮುಂಚೆ, ನಮ್ಮಲ್ಲಿ ಹಪ್ಪಳ ಸಂಡಿಗೆ ಡಬ್ಬಕ್ಕೆ ಸೇರುವ ಹೊತ್ತಿಗೆ ಹಾಳೆಯ ಎಲೆಗಳೂ ಗೋಡೆಯಿಂದ ಇಳಿಯುತ್ತವೆ. ಒಂದು ದಿನ ಬಿಸಿಲಿಗಿಟ್ಟು, ಪೇಪರ್‌ನಲ್ಲಿ ಸುತ್ತಿ, ಎಕ್ಸ್-ರೇ ಅಚ್ಚುಗಳ ಜೊತೆ ಅಟ್ಟಕ್ಕೆ. ಅಕ್ಟೋಬರ್‌ನಲ್ಲಿ ಇಳಿಸಿ ಒಣ ಬಟ್ಟೆಯಲ್ಲಿ ಒರೆಸಿ, ವಾರ್ನಿಶ್ ಎದ್ದ ಕಡೆ ಇನ್ನೊಂದು ಕೈ ಹಚ್ಚಿದರೆ ಆಯಿತು. ಹೋದ ಸಲ ಇಳಿಸುವಾಗ ಪಕ್ಕದ ಮನೆಯ ಅಜ್ಜಿ ಮತ್ತೆ ಬಂದಿದ್ದರು. ಒಂದೆಲೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಸೆಖೆ ಅಂತ ಅದರಲ್ಲೇ ಗಾಳಿ ಹಾಕಿಕೊಂಡರು. ಅದನ್ನು ಅವರಿಗೇ ಕೊಟ್ಟುಬಿಟ್ಟೆ.